ಮೆಕ್ಕೆಜೋಳದ ರೇಟು ಮಾತಾಡಿದ್ದು ಬೇರೆಯವರಿಗೆ ಹೆಂಗೆ ಗೊತ್ತಾಗ್ತೈತಿ? ಕಾಲ್ ಕದ್ದು ಕೇಳ್ತಿದಾರಾ?

ಮಂಡಿ_ಹುಡುಗ

ನಮಸ್ಕಾರ. ದಾವಣಗೆರೆ ಎಪಿಎಂಸಿ ಯಾರ್ಡಿನಾಗೆ ನಮ್ಮ ಅಪ್ಪಾಜಿದು ದಲಾಲಿ ಅಂಗಡಿ ಐತಿ. ತಮಿಳುನಾಡು ಕಡೆ ಕೋಳಿ ಫೀಡ್‌ನವರ ಜೊತೆ ಬೆಳಿಗ್ಗೆ ಫೋನಲ್ಲಿ ರೇಟು ಮುಗಿಸ್ತಾರೆ, ಆಮೇಲೆ ರೇಟು, ತೇವಾಂಶ, ಲಾರಿ ನಂಬರ್ ಎಲ್ಲಾ ವಾಟ್ಸಾಪಲ್ಲಿ ಹೋಗ್ತೈತಿ. ಈಚೆಗೆ ಮಧ್ಯಾಹ್ನದೊಳಗೆ ಅದೇ ಪಾರ್ಟಿಗೆ ಬೇರೆ ಅಂಗಡಿಯವರು ಫೋನ್ ಮಾಡಿ ಕ್ವಿಂಟಲ್‌ಗೆ ಹತ್ತು ರೂಪಾಯಿ ಕಮ್ಮಿ ಹೇಳ್ತಾರೆ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಮಾತಾಡುವಾಗ ನಡುವೆ ಬೀಪ್ ಅಂತ ಸದ್ದು ಬರ್ತೈತಿ, ಒಮ್ಮೊಮ್ಮೆ ನಮ್ಮ ದನಿ ನಮಗೇ ವಾಪಸ್ ಕೇಳ್ತೈತಿ. ಪಕ್ಕದ ಅಂಗಡಿಯವರು ಫೋನ್ ಟ್ಯಾಪ್ ಆಗೈತಿ, ಸಿಮ್ ಬದಲಾಯಿಸ್ರಿ ಅಂತಾರೆ. ಆ ನಂಬರ್ ಜಗಳೂರು, ಹರಪನಹಳ್ಳಿ ಕಡೆ ರೈತರೆಲ್ಲರ ಹತ್ರ ಐತಿ, ಬಿಡೋಕಾಗಲ್ಲ. ಅಪ್ಪಾಜಿ ಈಗ ಫೋನ್ ಎತ್ತೋಕೇ ಹೆದರ್ತಾರೆ. ತಿಳಿದವರು ದಾರಿ ಹೇಳ್ರಿ.

ಹರಿಹರ_ಮೊಬೈಲ್ಸ್

ಬ್ರದರ್, ಪ್ಲೇಸ್ಟೋರಲ್ಲಿ ಟ್ಯಾಪ್ ಕಂಡುಹಿಡಿಯೋ ಆ್ಯಪ್ ಇದಾವೆ, ಒಂದು ಹಾಕಿ ನೋಡಿ. ಯಾರಾದರೂ ಮದುವೆ ಕಾರ್ಡು, ಟ್ರಾಫಿಕ್ ದಂಡ ಅಂತ ಎಪಿಕೆ ಫೈಲ್ (ಪ್ಲೇಸ್ಟೋರ್ ಇಲ್ಲದೆ ಆ್ಯಪ್ ಹಾಕೋ ಫೈಲ್) ಕಳಿಸಿದ್ದು ತೆರೆದಿದಾರಾ ಅಂತಲೂ ಅಪ್ಪಾಜಿ ಹತ್ರ ಕೇಳಿ. ನಮ್ಮ ಅಂಗಡಿಗೆ ಅಂಥ ಫೋನ್ ಬರ್ತಾನೇ ಇರ್ತವೆ.

ಹಳೇ_ಎಕ್ಸ್‌ಚೇಂಜ್

ತಮ್ಮಾ, ನಾನು ಟೆಲಿಫೋನ್ ಇಲಾಖೆಯಲ್ಲಿದ್ದು ನಿವೃತ್ತನಾದವನು, ಈಗ ವಿದ್ಯಾನಗರದಲ್ಲಿದೀನಿ. ಮೊದಲು ಅಪ್ಪಾಜಿಗೆ ಧೈರ್ಯ ಹೇಳು. ಬೀಪ್ ಬಂದರೆ ಟ್ಯಾಪ್ ಅನ್ನೋದು ಲ್ಯಾಂಡ್‌ಲೈನ್ ಕಾಲದ ಮಾತು. ಆಗ ರಸ್ತೆ ಬದಿಯ ಡಿಪಿ ಬಾಕ್ಸ್, ಅಂದರೆ ಮನೆಮನೆಗೆ ತಂತಿ ಹಂಚೋ ಪೆಟ್ಟಿಗೆ ತೆರೆದು, ಆ ಜೋಡಿ ತಂತಿಗೆ ಟೆಸ್ಟ್ ಫೋನಿನ ಎರಡು ಕ್ಲಿಪ್ ಕಚ್ಚಿಸಿದರೆ ಸಾಕಿತ್ತು, ಇಬ್ಬರ ಮಾತೂ ಕೇಳ್ತಿತ್ತು. ಕಚ್ಚಿಸುವಾಗ ಟಕ್ ಅನ್ನೋದು, ದನಿ ಸ್ವಲ್ಪ ಇಳಿಯೋದು. ಜನರ ಭಯ ಅಲ್ಲಿಂದ ಬಂದದ್ದು.

ಮೊಬೈಲ್‌ನಲ್ಲಿ ಸರ್ಕಾರ ಕೇಳಿಸಿಕೊಳ್ಳೋದಾದರೆ ಕಂಪನಿಯ ಸ್ವಿಚ್‌ನಲ್ಲೇ (ಕರೆಗಳನ್ನು ಜೋಡಿಸೋ ಯಂತ್ರದಲ್ಲೇ) ಕರೆಯ ನಕಲು ಹೋಗುತ್ತೆ, ನಿಮ್ಮ ಕಿವಿಗೆ ಒಂದು ಚೂರೂ ಸದ್ದು ಬರೋದಿಲ್ಲ. ಅದಕ್ಕೆ ಕೇಂದ್ರದ ಇಲ್ಲವೇ ರಾಜ್ಯದ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಒಂದು ಆದೇಶ 60 ದಿನ, ಎಷ್ಟು ಮುಂದುವರಿಸಿದರೂ ಒಟ್ಟು 180 ದಿನ ದಾಟುವಂತಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್ ಹಾಕಿದ ಕಟ್ಟುಪಾಡಿನಿಂದ ಬಂದ ಪದ್ಧತಿ ಇದು. ಈಗ 2023ರ ದೂರಸಂಪರ್ಕ ಕಾಯ್ದೆ, 2024ರ ನಿಯಮಗಳಲ್ಲೂ ಇದೆ. ದುರುಪಯೋಗ ಆಗೋದೇ ಇಲ್ಲ ಅಂತ ನಾನು ಹೇಳಲಾರೆ. ನಮ್ಮ ರಾಜ್ಯದಲ್ಲೇ ರಾಮಕೃಷ್ಣ ಹೆಗಡೆಯವರು 1988ರಲ್ಲಿ ಕದ್ದಾಲಿಕೆ ಆರೋಪ ಎದ್ದಾಗ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಆದರೆ ಮೆಕ್ಕೆಜೋಳದ ರೇಟಿಗೆ ಹತ್ತು ರೂಪಾಯಿ ಕಮ್ಮಿ ಹೇಳೋಕೆ ಯಾರೂ ಆ ದಾರಿ ಹಿಡಿಯೋದಿಲ್ಲ.

ಬೀಪ್‌ಗೆ ಬೇರೆ ಕಾರಣ ಹುಡುಕು. ಇನ್ನೊಂದು ಕರೆ ಕಾಯ್ತಾ ಇದ್ದರೂ ಬರುತ್ತೆ. ಆಚೆಯವರು ರೆಕಾರ್ಡ್ ಮಾಡ್ತಿದ್ದರೂ ಕೆಲವು ಫೋನ್‌ಗಳಲ್ಲಿ ಬರುತ್ತೆ. ದನಿ ವಾಪಸ್ ಬರೋದು ಆಚೆಯವರು ಸ್ಪೀಕರ್ ಹಾಕಿದಾಗ.

ಹರಿಹರದವರೇ, ಬೇಜಾರಾಗಬೇಡಿ, ಆದರೆ ಆ ಪತ್ತೆ ಆ್ಯಪ್‌ಗಳನ್ನು ದಯವಿಟ್ಟು ಯಾರಿಗೂ ಹೇಳಬೇಡಿ. ಸ್ವಿಚ್‌ನಲ್ಲಿ ನಡೆಯೋದು ಫೋನಿನೊಳಗಿನ ಆ್ಯಪ್‌ಗೆ ಕಾಣಿಸೋದಿಲ್ಲ. ಮೈಕ್, ಕಾಂಟ್ಯಾಕ್ಟ್, ಮೆಸೇಜ್ ಎಲ್ಲದಕ್ಕೂ ಅನುಮತಿ ಕೇಳುವ ಆ್ಯಪನ್ನು ಭಯದಲ್ಲಿರೋ ಮನುಷ್ಯ ಕಣ್ಣುಮುಚ್ಚಿ ಒಳಗೆ ಬಿಟ್ಟುಕೊಳ್ತಾನೆ, ನನಗೆ ಸಿಟ್ಟು ಬರೋದು ಅದಕ್ಕೇ. ಎಪಿಕೆ ಬಗ್ಗೆ ನೀವು ಹೇಳಿದ್ದು ಮಾತ್ರ ನೂರಕ್ಕೆ ನೂರು ಸರಿ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ತೆರೆದು, ಗುರುತಿಲ್ಲದ ಆ್ಯಪ್ ಯಾವುದಾದರೂ ಆನ್ ಇದೆಯಾ ನೋಡಬೇಕು. ಆ ಒಂದು ಅನುಮತಿ ಸಿಕ್ಕರೆ ಪರದೆ ಮೇಲಿನ ಅಕ್ಷರವೆಲ್ಲ ಓದಬಹುದು.

ತಮ್ಮಾ, *#21# ಒತ್ತಿಸಿ ನೋಡು. ಕರೆ ಬೇರೆ ನಂಬರಿಗೆ ತಿರುಗಿದ್ದರೆ ತೋರಿಸುತ್ತೆ, ##002# ಒತ್ತಿದರೆ ಎಲ್ಲಾ ರದ್ದು. ಕೊರಿಯರ್‌ನವರು ಅಂತ ಹೇಳಿಕೊಂಡು ಕೋಡ್ ಒತ್ತಿಸೋ ಕಳ್ಳರು ಮಾಡೋದು ಇದನ್ನೇ. ಆದರೆ ಫಾರ್ವರ್ಡ್ ಆದರೆ ಕರೆಯೇ ಅವರಿಗೆ ಹೋಗುತ್ತೆ, ನಿಮಗೆ ರಿಂಗ್ ಆಗಲ್ಲ. ಅಪ್ಪಾಜಿ ಮಾತಾಡಿ ಮುಗಿಸ್ತಿದಾರೆ ಅಂದಮೇಲೆ ನನ್ನ ಅನುಮಾನ ವಾಟ್ಸಾಪ್ ಮೇಲೆ. ಅಂಗಡಿ ಕಂಪ್ಯೂಟರಿನಲ್ಲಿ ಯಾರಾದರೂ ತೆರೆದಿದ್ದಾರಾ? ವಾಟ್ಸಾಪ್‌ನಲ್ಲಿ ಮೂರು ಚುಕ್ಕೆ ಒತ್ತಿ ಲಿಂಕ್ಡ್ ಡಿವೈಸಸ್ ನೋಡು. ಫೋನ್ ಅಲ್ಲದೆ ಇನ್ನೂ ನಾಲ್ಕು ಸಾಧನ ಸೇರಿಸಬಹುದು. ಒಮ್ಮೆ ಸೇರಿಸಿದರೆ ಫೋನ್ ಆಫ್ ಇದ್ದಾಗಲೂ ಮೆಸೇಜ್ ಅಲ್ಲಿಗೆ ಬೀಳುತ್ತೆ.

ಮಂಡಿ_ಹುಡುಗ

ಸರ್, ನೋಡಿದೆ. *#21# ಒತ್ತಿದ್ರೆ ಫಾರ್ವರ್ಡ್ ಆಗಿಲ್ಲ ಅಂತ ಬಂತು. ಆಕ್ಸೆಸಿಬಿಲಿಟಿಯಾಗೂ ಏನಿಲ್ಲ. ಆದ್ರೆ ಲಿಂಕ್ಡ್ ಡಿವೈಸಸ್‌ನಾಗೆ ಎರಡು ವಿಂಡೋಸ್ ಅದಾವೆ! ಒಂದು ನಮ್ಮ ಅಂಗಡಿದು. ಇನ್ನೊಂದು ನಿನ್ನೆ ರಾತ್ರಿ 11ಕ್ಕೆ ಆ್ಯಕ್ಟಿವ್ ಇತ್ತು ಅಂತ ತೋರಿಸ್ತೈತಿ. ನಾವು ಎಂಟಕ್ಕೇ ಬಾಗಿಲು ಹಾಕ್ತೀವಿ. ದೀಪಾವಳಿಗೆ ಕೆಲಸ ಬಿಟ್ಟ ಗುಮಾಸ್ತರು ಬಿಲ್ ನೋಡೋಕೆ ಅಂತ ಅಪ್ಪಾಜಿ ಫೋನ್ ಇಸ್ಕೊಳ್ತಿದ್ರು. ಈಗಲೇ ತೆಗೀಲಾ?

ಹಳೇ_ಎಕ್ಸ್‌ಚೇಂಜ್

ಒಂದು ನಿಮಿಷ ತಡಿ. ಮೊದಲು ಆ ಪುಟದ ಸ್ಕ್ರೀನ್‌ಶಾಟ್ ತೆಗಿ, ಸಮಯ ಕಾಣೋ ಹಾಗೆ. ಬೇರೆ ಫೋನಿನಿಂದ ಪರದೆಯ ಫೋಟೋನೂ ಇಟ್ಕೊ. ಆಮೇಲೆ ಎರಡನ್ನೂ ಲಾಗ್ ಔಟ್ ಮಾಡು, ಅಂಗಡಿದು ಬೇಕಾದರೆ ಹೊಸದಾಗಿ ಸೇರಿಸಿಕೊಳ್ಳಬಹುದು. ಫೋನಿನ ಪಿನ್ ಬದಲಾಯಿಸು, ಅದು ಅವರಿಗೆ ಗೊತ್ತಿರಬಹುದು. ವಾಟ್ಸಾಪ್‌ಗೆ ಎರಡು ಹಂತದ ಪಿನ್ ಹಾಕು.

ಗುಮಾಸ್ತರೇ ಅಂತ ಇನ್ನೂ ಹೆಸರು ಎತ್ತಬೇಡಿ, ಯಾರ್ಡಿನಲ್ಲಿ ಮಾತು ಹಬ್ಬಿದರೆ ಹಿಂದೆ ತೆಗೆದುಕೊಳ್ಳೋಕಾಗಲ್ಲ. ಅನುಮತಿ ಇಲ್ಲದೆ ಹೀಗೆ ನೋಡೋದು 2000ನೇ ಇಸವಿಯ ಐಟಿ ಕಾಯ್ದೆಯ 66ನೇ ಕಲಂ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲು ಆಗಬಹುದು. ದೂರು ಕೊಡೋದಾದರೆ ಸೈಬರ್ ಅಪರಾಧ ನೋಡೋ ಸಿಇಎನ್ ಪೊಲೀಸ್ ಠಾಣೆಗೆ ಆ ಫೋಟೋಗಳ ಪ್ರಿಂಟ್ ತಗೊಂಡು ಅಪ್ಪಾಜಿನೇ ಹೋಗಲಿ, ನಂಬರ್ ಅವರ ಹೆಸರಿನಲ್ಲಿ ತಾನೆ ಇರೋದು?

ಮಂಡಿ_ಹುಡುಗ

ಹೌದು ಸರ್, ಅವರ ಹೆಸರಲ್ಲೇ ಐತಿ. ಫೋಟೋ ತೆಗೆದೆ, ಲಾಗ್ ಔಟ್ ಮಾಡಿದೆ. ಸೋಮವಾರ ಇಬ್ಬರೂ ಠಾಣೆಗೆ ಹೋಗ್ತೀವಿ.