ಎವೆ ಜನರ ಗಂಟೆ ತಾಳದ 12 ಮಾತ್ರೆ: ಕಾಲು ಎಲ್ಲಿ ಬೀಳುತ್ತೆ?

ಸುರಪುರದ_ಹುಡುಗ:
ನಮ್ಮೂರ ಮೊಹರಂ ಅಲಾಯಿ ಕುಣಿತದ ಹಲಗೆ ಪೆಟ್ಟುಗಳನ್ನು ಕಾಗದಕ್ಕೆ ಇಳಿಸಬೇಕು ಅಂತ ಹೊರಟಿದ್ದೇನೆ, ಎಂ.ಎ. ಪ್ರಬಂಧಕ್ಕೆ. ಬೇರೆ ಕಡೆ ಇದನ್ನು ಹೇಗೆ ಮಾಡಿದ್ದಾರೆ ಅಂತ ಹುಡುಕುತ್ತಾ ಹೋಗಿ ಘಾನಾದ ಎವೆ ಜನರ ಡೋಲುಗಳಲ್ಲಿ ಸಿಕ್ಕಿಹಾಕಿಕೊಂಡೆ. ಅಗ್ಬೆಕೋರ್ ಕುಣಿತದಲ್ಲಿ ಗಾಂಕೊಗುಯಿ ಅನ್ನೋ ಜೋಡಿ ಗಂಟೆ 12 ಮಾತ್ರೆಗೆ 7 ಪೆಟ್ಟು ಹೊಡೆಯುತ್ತದೆ. ಪೆಟ್ಟಿನಿಂದ ಪೆಟ್ಟಿಗೆ ಇರುವ ಮಾತ್ರೆ ಎರಡು, ಎರಡು, ಒಂದು, ಎರಡು, ಎರಡು, ಎರಡು, ಒಂದು. ಇಷ್ಟು ಸರಿ. ಆದರೆ ಚಪ್ಪಾಳೆ ಎಲ್ಲಿ ಹಾಕೋದು? ಮೂರು ದಿನದಿಂದ ಊಟದ ತಟ್ಟೆ ಬಡಿದು ಬಡಿದು ಮನೆಯವರು ತಟ್ಟೆ ಕಸಿದುಕೊಂಡಿದ್ದಾರೆ. ಒಮ್ಮೆ ಆರು ಚಪ್ಪಾಳೆ ಅನಿಸುತ್ತೆ, ಒಮ್ಮೆ ನಾಲ್ಕು. ಆಫ್ರಿಕಾದ ಸಂಗೀತದ ಬಗ್ಗೆ ಬರೆದ ಎ. ಎಂ. ಜೋನ್ಸ್ 1959ರ ಪುಸ್ತಕದಲ್ಲಿ ಒಂದೊಂದು ವಾದ್ಯಕ್ಕೆ ಒಂದೊಂದು ಕಡೆ ತಾಳ ಶುರುವಾಗುವ ಗೆರೆ ಎಳೆದಿದ್ದಾರೆ, ಅದನ್ನು ನೋಡಿ ತಲೆ ಇನ್ನೂ ಕೆಟ್ಟಿತು.

ತೊಗರಿ_ಕಣಜ:
ಜೋನ್ಸ್ ಲಂಡನ್‌ನಲ್ಲಿ ಡೆಸ್ಮಂಡ್ ತೇ ಅನ್ನೋ ಎವೆ ಡೋಲುಗಾರರನ್ನು ಕೂರಿಸಿಕೊಂಡು ಕೆಲಸ ಮಾಡಿದರು. ಲೋಹದ ಕಡ್ಡಿಯಿಂದ ತಗಡು ಕುಟ್ಟಿದರೆ ಓಡುವ ಕಾಗದದ ಮೇಲೆ ಗುರುತು ಬೀಳುವ ಒಂದು ಯಂತ್ರ ಇತ್ತು. ಯಾವ ಪೆಟ್ಟು ಯಾವಾಗ ಅನ್ನೋದು ಚೊಕ್ಕವಾಗಿ ಸಿಕ್ಕಿತು, ಒಪ್ಪೋಣ. ಆದರೆ ಆ ಕಾಗದದ ಮೇಲೆ ಕುಣಿಯುವವರ ಕಾಲು ಬೀಳಲಿಲ್ಲ ಅಲ್ವಾ? ಆಮೇಲೆ ಬಂದ ಸಂಶೋಧಕರಾದ ಡೇವಿಡ್ ಲಾಕ್, ಘಾನಾದವರೇ ಆದ ಕೋಫಿ ಅಗಾವು, ಇಬ್ಬರೂ ಎಲ್ಲ ವಾದ್ಯಕ್ಕೂ ಒಂದೇ ನಡೆ ಇದೆ ಅಂತಾರೆ. ಆ ನಡೆ ಕಾಲಲ್ಲಿದೆ.

ಹೀಗೆ ಮಾಡಿ ನೋಡಿ. 12 ಮಾತ್ರೆ ಎಣಿಸುತ್ತಾ 1, 4, 7, 10ಕ್ಕೆ ಕಾಲು ಊರಿ. ಗಂಟೆ ಬೀಳೋದು 1, 3, 5, 6, 8, 10, 12ಕ್ಕೆ. ಅಂದರೆ 4 ಮತ್ತು 7ರಲ್ಲಿ ನಿಮ್ಮ ಕಾಲಿನ ಜೊತೆ ಗಂಟೆ ಇರೋದೇ ಇಲ್ಲ! ಮೊದಲು ಎಡವಿದ ಹಾಗಾಗುತ್ತೆ. ಸಣ್ಣ ಡೋಲು ಕಗನು ಇನ್ನೂ ತುಂಟ, ಕಾಲು ಬಿದ್ದಾಗ ಸುಮ್ನಿರುತ್ತೆ, ಆಮೇಲೆ ಎರಡು ಪೆಟ್ಟು. (ಅದರ ದೊಡ್ಡಣ್ಣನ ಹೆಸರು ಕಿಡಿ. ನಮ್ಮ ಕಿಡಿ ಅಲ್ಲ, ಆದರೂ ಖುಷಿಯಾಯ್ತು.) ಈ ಲೆಕ್ಕವನ್ನು ಗಾಹು ಕುಣಿತಕ್ಕೆ ಹಾಕಬೇಡಿ, ಅಲ್ಲಿ ಗಂಟೆ 16 ಮಾತ್ರೆಗೆ 5 ಪೆಟ್ಟು.

ಹಲಗಿ_ಮನಿ:
ನಮ್ಮಪ್ಪ ಹಲಗೆ ಬಾರಿಸುವಾಗ ಕೈ ನೋಡೋದೇ ಇಲ್ಲ. ಅಲಾಯಿ ಗುಂಡಿ ಸುತ್ತ ಹೆಜ್ಜೆ ಹಾಕುವವರ ಕಾಲ ಮೇಲೇ ಕಣ್ಣು. ಅವರು ಸ್ವಲ್ಪ ತಡ ಮಾಡಿದರೆ ಇವರ ಪೆಟ್ಟೂ ಜಗ್ಗುತ್ತೆ. ನಿಮ್ಮ ಹತ್ತಿರ ವಿಡಿಯೊ ಇದೆಯಾ?

ಸುರಪುರದ_ಹುಡುಗ:
4, 7 ಈಗ ಹಿಡೀತು! ಸರಿಯಾಗಿ ಎಡವಿದೆ. ವಿಡಿಯೊ ಮಾತ್ರ ಇಲ್ಲ ಅಣ್ಣ. ಮೊಬೈಲನ್ನು ಕಟ್ಟೆ ಮೇಲಿಟ್ಟು 40 ನಿಮಿಷ ಬರೀ ಸದ್ದು ಹಿಡಿದಿದ್ದೇನೆ. ನಾನೂ ಜೋನ್ಸ್ ಕೆಲಸವನ್ನೇ ಮಾಡಿದಂಗಾಯ್ತು. ಮುಂದಿನ ಮೊಹರಂವರೆಗೆ ಕಾಯಬೇಕಾ?

ಹಲಗಿ_ಮನಿ:
ಯಾಕೆ ಕಾಯ್ತೀರಿ? ಕುಣಿಯುವ ಹಿರಿಯರನ್ನು ಇಬ್ಬರನ್ನು ಚಹಾಕ್ಕೆ ಕರೆದು ಆ ಸದ್ದು ಹಾಕಿ. ಎದ್ದು ಕುಣಿಯದಿದ್ದರೂ ಕೂತಲ್ಲೇ ಪಾದ ಆಡುತ್ತೆ. ಈ ಸಲ ಮೊಬೈಲು ನೆಲದ ಮೇಲಿಡಿ.