ಸಹಾಯ ಬೇಕು: ಸರ್ವೆಯಲ್ಲಿ ಎಲ್ಲರೂ ಹತ್ತಕ್ಕೆ ಹತ್ತು, ನಂಬೋದು ಹೇಗೆ?

ನಮಸ್ಕಾರ. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಎಚ್‌ಆರ್. ಕೆಲಸದವರಿಗೆ ಇಲ್ಲಿ ಎಷ್ಟು ಮನಸ್ಸಿದೆ ಅಂತ ಅಳೆಯಲು ಇಎನ್‌ಪಿಎಸ್ (ಎಂಪ್ಲಾಯಿ ನೆಟ್ ಪ್ರಮೋಟರ್ ಸ್ಕೋರ್) ಅನ್ನೋ ಸರ್ವೆ ಮಾಡಿದೆವು. 'ನಿಮ್ಮ ತಂಗಿಗೆ ಇಲ್ಲಿ ಕೆಲಸಕ್ಕೆ ಸೇರು ಅಂತ ಹೇಳುತ್ತೀರಾ?' ಅಂತ ಕೇಳಿ, 0ಯಿಂದ 10ರೊಳಗೆ ಅಂಕ ಹಾಕಿಸಿದೆವು. 9, 10 ಹಾಕಿದವರ ಶೇಕಡಾವಾರಿನಲ್ಲಿ 6 ಮತ್ತು ಅದಕ್ಕಿಂತ ಕಮ್ಮಿ ಹಾಕಿದವರದ್ದು ಕಳೆದರೆ ಸ್ಕೋರ್. ನೋಡಿದರೆ ಬಹುತೇಕ ಎಲ್ಲರದ್ದೂ 10! ಮ್ಯಾನೇಜರ್‌ಗೆ ಖುಷಿಯೋ ಖುಷಿ. ಆದರೆ ಅದೇ ತಿಂಗಳು ಒಂದು ಲೈನಿನ ಅರ್ಧ ಟೈಲರ್‌ಗಳು ಕೆಲಸ ಬಿಟ್ಟರು.

ಹೆಸರು ಬೇಡ ಅಂದೆ, ಡಬ್ಬ ಇಟ್ಟೆ. ಆದರೂ ಅಭ್ಯಾಸಬಲ, ಚೀಟಿಯ ಮೂಲೆಯಲ್ಲಿ ತಮ್ಮ ಟೋಕನ್ ನಂಬರ್ (ಫ್ಯಾಕ್ಟರಿಯ ಗುರುತಿನ ನಂಬರ್) ಬರೆದಿದ್ದರು. 'ಕಮ್ಮಿ ಹಾಕಿದ್ರೆ ಓಟಿ ಕಟ್ ಆಗುತ್ತಾ ಸಾರ್?' ಅಂತ ಒಬ್ಬರು ಅಕ್ಕ ಕೇಳಿದರು.

ಈಗ ಕೇಳುವ ರೀತಿ ಬದಲಿಸಬೇಕಾ, ಇಲ್ಲಾ ಸರ್ವೆ ಬಿಟ್ಟು ಗೈರುಹಾಜರಿ, ಬಿಟ್ಟು ಹೋದವರ ಲೆಕ್ಕವನ್ನೇ ನೋಡಬೇಕಾ? ಫ್ಯಾಕ್ಟರಿಯಲ್ಲಿ ಮಾಡಿ ನೋಡಿದವರು ದಯವಿಟ್ಟು ಹೇಳಿ.