ಪದಚರ್ಚೆ: ಪಾರ್ಚ್‌ಮೆಂಟ್, ಲೀಫ್, ಮಿನಸ್ಕ್ಯೂಲ್, ಲಕೂನಾ – ಗ್ರೀಕ್ ಬೈಬಲ್ ಹಸ್ತಪ್ರತಿಯನ್ನು ಕನ್ನಡದಲ್ಲಿ ವಿವರಿಸುವುದು

ಪ್ರಶ್ನೆ:

ಪ್ಯಾರಿಸ್ಸಿನಲ್ಲಿರುವ ಫ್ರಾನ್ಸ್ ರಾಷ್ಟ್ರೀಯ ಗ್ರಂಥಾಲಯದ ‘ಗ್ರೀಕ್ 14’ ಎಂಬ ಹಸ್ತಪ್ರತಿಯ ಪರಿಚಯ ಕನ್ನಡಕ್ಕೆ ಬರಬೇಕಾಗಿದೆ. ಹೊಸ ಒಡಂಬಡಿಕೆಯ ಗ್ರೀಕ್ ಪ್ರತಿಗಳ ಪಟ್ಟಿಯಲ್ಲಿ ಇದರ ಸಂಖ್ಯೆ 33. ಸದ್ಯದ ಕರಡು ಹೀಗಿದೆ: “9ನೆಯ ಶತಮಾನದ, ಹದಮಾಡಿದ ಚರ್ಮದ 143 ಪುಟಗಳ, ಸಣ್ಣಕ್ಷರಗಳ ಗ್ರಂಥ. ಮಾರ್ಕ ಮತ್ತು ಲೂಕ ಸುವಾರ್ತೆಗಳಲ್ಲಿ ಲೋಪಗಳಿವೆ. ಯೋಹಾನ 7:53–8:11 ಲೋಪವಾಗಿದೆ.” ಪಾರ್ಚ್‌ಮೆಂಟ್, ಲೀಫ್, ಕ್ವೈರ್, ಮಿನಸ್ಕ್ಯೂಲ್, ಲಕೂನಾ ಈ ಐದಕ್ಕೆ ಸರಿಯಾದ ಕನ್ನಡ ಪದಗಳು ಯಾವುವು? ನಿಘಂಟಿನ ‘ಚರ್ಮಪತ್ರ’ ಸಾಲದೆ? ವಾಕ್ಯಗಳಲ್ಲಿ ತಪ್ಪಿದ್ದರೆ ತಿಳಿದವರು ದಯವಿಟ್ಟು ತಿದ್ದಿಕೊಡಿ.

ಉತ್ತರ:

ನಮಸ್ಕಾರ. ‘ಹದಮಾಡಿದ ಚರ್ಮ’ದಿಂದಲೇ ತೊಡಗೋಣ, ಅಲ್ಲಿರುವ ತಪ್ಪೇ ದೊಡ್ಡದು. ಕನ್ನಡದಲ್ಲಿ ಚರ್ಮ ಹದಮಾಡುವುದೆಂದರೆ ತಂಗಡಿ ಚಕ್ಕೆಯಂಥ ಒಗರು ತೊಗಟೆಯ ನೀರಿನಲ್ಲಿ ನೆನೆಹಾಕಿ, ಅದು ಕೊಳೆಯದಂತೆ, ನೀರಿಗೆ ಜಗ್ಗದಂತೆ ಮಾಡುವುದು. ಚಪ್ಪಲಿ, ಮಿಣಿ ಆಗುವುದು ಆ ಚರ್ಮ. ಪಾರ್ಚ್‌ಮೆಂಟಿಗೆ ಈ ಹದ ಇಲ್ಲವೇ ಇಲ್ಲ. ಆಡು, ಕುರಿ ಅಥವಾ ಕರುವಿನ ತೊಗಲನ್ನು ಸುಣ್ಣದ ನೀರಿನಲ್ಲಿ ಕೆಲವು ದಿನ ಬಿಟ್ಟು, ಕೂದಲು ಸಡಿಲವಾದ ಮೇಲೆ ಮೊಂಡು ಕತ್ತಿಯಿಂದ ಹೆರೆದು ತೊಳೆಯುತ್ತಾರೆ. ಒದ್ದೆ ಇರುವಾಗಲೇ ಮರದ ಚೌಕಟ್ಟಿಗೆ ಬಿಗಿಯುತ್ತಾರೆ. ನೇರವಾಗಿ ತೂತು ಹೊಡೆದರೆ ತೊಗಲು ಹರಿಯುತ್ತದೆ. ಅದಕ್ಕೆ ಅಂಚಿನಲ್ಲಿ ಅಲ್ಲಲ್ಲಿ ಒಂದೊಂದು ಸಣ್ಣ ಕಲ್ಲನ್ನು ತೊಗಲಿನಲ್ಲೇ ಸುತ್ತಿ, ಆ ಗಂಟಿಗೆ ಹುರಿ ಹಾಕಿ ಎಳೆಯುತ್ತಾರೆ. ಅರ್ಧಚಂದ್ರದಂಥ ಕತ್ತಿಯಿಂದ ಕೆರೆಯುತ್ತ, ಹುರಿ ಸಡಿಲವಾದಷ್ಟೂ ಬಿಗಿಸುತ್ತ, ಆ ಎಳೆತದಲ್ಲಿಯೇ ಒಣಗಿಸಬೇಕು. ಎಳೆತದಲ್ಲಿ ಒಣಗಿದಾಗ ಒಳಗಿನ ಎಳೆಗಳು ಪದರಪದರವಾಗಿ ಮಟ್ಟಸ ಕೂರುತ್ತವೆ. ಸುಮ್ಮನೆ ನೆಲದ ಮೇಲೆ ಹರಡಿ ಒಣಗಿಸಿದರೆ ಸಿಗುವುದು ಸೆಟೆದ ಚಕ್ಕಳ, ಬರೆಯುವ ಹಾಳೆಯಲ್ಲ. ಕೊನೆಗೆ ನೊರೆಗಲ್ಲಿನಿಂದ ಉಜ್ಜಿ, ಸೀಮೆಸುಣ್ಣದ ಪುಡಿ ಸವರಿದರೆ ಶಾಯಿ ಹಿಡಿಯಲು ಸಿದ್ಧ.

ನಮ್ಮಲ್ಲಿ ಇದಕ್ಕೆ ತೀರ ಹತ್ತಿರದ ವಸ್ತುವೆಂದರೆ ತೊಗಲುಗೊಂಬೆಯ ತೊಗಲು. ಅದೂ ಕೂದಲು ಹೆರೆದು, ತೆಳ್ಳಗೆ ಕೆರೆದು, ಬಿಗಿದು ಒಣಗಿಸಿದ್ದು. ಅದಕ್ಕೇ ಪರದೆಯ ಹಿಂದಿನ ದೀಪದ ಬೆಳಕು ಅದರೊಳಗಿಂದ ಹಾಯುತ್ತದೆ. ಚಪ್ಪಲಿಯ ಚರ್ಮದಲ್ಲಿ ಬೆಳಕು ಹಾಯುವುದಿಲ್ಲ. ಹಾಗಾಗಿ ‘ತೊಗಲ ಹಾಳೆ’ ಎನ್ನುವುದು ನನಗೆ ಎಲ್ಲಕ್ಕಿಂತ ಸರಿಯಾಗಿ ಕಾಣುತ್ತದೆ. ‘ಚರ್ಮಪತ್ರ’ ತಪ್ಪಲ್ಲ. ಆದರೆ ‘ಪತ್ರ’ ಎಂದೊಡನೆ ಓದುಗರ ಮನಸ್ಸು ಕಾಗದಪತ್ರ, ದಸ್ತಾವೇಜುಗಳ ಕಡೆ ಹೋಗುತ್ತದೆ.

ಹದವಿಲ್ಲ ಎಂಬುದು ಬರೀ ಪದದ ಹಟವಲ್ಲ. 33ರ ಇಂದಿನ ಸ್ಥಿತಿಗೆ ಕಾರಣವೇ ಅದು. ಒಗರು ಕಾಣದ ತೊಗಲು ನೀರು ಹೀರುತ್ತದೆ. ಸ್ವಲ್ಪ ತೇವಕ್ಕೆ ಸುಕ್ಕುಗಟ್ಟುತ್ತದೆ, ಹೆಚ್ಚಾದರೆ ಮೇಲ್ಮೈ ಅಂಟಾಗಿ ಹಾಳೆಗೆ ಹಾಳೆ ಕಚ್ಚಿಕೊಳ್ಳುತ್ತದೆ. ಈ ಪ್ರತಿಗೆ ಎಂದೋ ತೇವ ಹೊಕ್ಕು, ಕಚ್ಚಿಕೊಂಡ ಹಾಳೆಗಳನ್ನು ಬಿಡಿಸಿದಾಗ ಒಂದು ಪುಟದ ಶಾಯಿ ಎದುರು ಪುಟಕ್ಕೆ ಹತ್ತಿಬಿಟ್ಟಿದೆ. 1850ರಲ್ಲಿ ಇದನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿದ ಟ್ರೆಗೆಲ್ಸ್ ಎಂಬ ಇಂಗ್ಲಿಷ್ ವಿದ್ವಾಂಸರು, ಶಾಯಿ ಮಾಸಿದ ಕಡೆ ಎದುರು ಪುಟದಲ್ಲಿ ತಿರುಗುಮುರುಗಾಗಿ ಮೂಡಿದ ಪಡಿಯಚ್ಚನ್ನು ಓದಿ ಪಾಠವನ್ನು, ಎಂದರೆ ಅಲ್ಲಿ ಬರೆದಿದ್ದ ಮಾತನ್ನು, ಗುರುತಿಸಬೇಕಾಯಿತು. ಅಪೊಸ್ತಲರ ಕೃತ್ಯಗಳ ಭಾಗದಲ್ಲಿ ಈ ತೊಂದರೆ ಹೆಚ್ಚು.

ಇನ್ನು ‘143 ಪುಟ’. ಇದು 143 ಹಾಳೆ, ಎಂದರೆ 286 ಪುಟ. ನಮ್ಮ ಓಲೆ ಪ್ರತಿಗಳ ಪಟ್ಟಿಗಳಲ್ಲಿ ‘ಗರಿ’ ಎಣಿಸುತ್ತಾರಲ್ಲ, ಅದೇ ಕ್ರಮ: ಎರಡು ಬದಿಯಿದ್ದರೂ ಸಂಖ್ಯೆ ಒಂದೇ. ‘ಗರಿ’ ಎಂದರೆ ತಾಳೆಗರಿ ಎಂದೇ ಅರ್ಥವಾಗುವುದರಿಂದ ಇಲ್ಲಿ ‘ಹಾಳೆ’ ಸಾಕು. ಅದರ ಎರಡು ಮೈಗೆ ‘ಮುಂಬದಿ’, ‘ಹಿಂಬದಿ’. ನಡುವೆ ಮಡಿಸಿದ ಒಂದು ದೊಡ್ಡ ತುಂಡಿನಿಂದ ಎರಡು ಹಾಳೆ, ನಾಲ್ಕು ಪುಟ ಆಗುತ್ತವೆ. ಅದನ್ನು ‘ಜೋಡಿಹಾಳೆ’ ಎನ್ನಬಹುದು. ಸಾಮಾನ್ಯವಾಗಿ ಇಂಥ ನಾಲ್ಕು ಜೋಡಿಹಾಳೆಗಳನ್ನು ಒಂದರೊಳಗೊಂದು ಇಟ್ಟು ಬೆನ್ನಿನಲ್ಲಿ ಹೊಲಿದರೆ ಒಂದು ಕ್ವೈರ್: 8 ಹಾಳೆ, 16 ಪುಟ. ಅಚ್ಚುಕೂಟದವರು ಫಾರಂ ಎಂದು ಕರೆಯುವುದೂ ಹೆಚ್ಚಾಗಿ ಹೀಗೇ ಮಡಿಸಿದ 16 ಪುಟಗಳನ್ನೇ. ಆದರೆ ಫಾರಂ ಆಗುವುದು ಒಂದೇ ದೊಡ್ಡ ಕಾಗದ ಮಡಿಸಿ, ಇಲ್ಲಿ ನಾಲ್ಕು ಬಿಡಿ ತುಂಡುಗಳು. ಈ ವ್ಯತ್ಯಾಸಕ್ಕಾಗಿ ‘ಹೊಲಿಗೆಕಟ್ಟು’ ಎನ್ನಿ. ಬರೀ ‘ಕಟ್ಟು’ ಎಂದರೆ ದಾರ ಪೋಣಿಸಿದ ಓಲೆಕಟ್ಟಿನ ನೆನಪಾಗುತ್ತದೆ.

ಈ ಕಟ್ಟಿನ ರಚನೆ ಗೊತ್ತಿದ್ದರೆ ಕಳೆದುಹೋದ ಭಾಗದ ಲೆಕ್ಕವೂ ತಿಳಿಯುತ್ತದೆ. ಹೊರಗಿನ ಜೋಡಿಹಾಳೆ ಕಿತ್ತುಹೋದರೆ ಮೊದಲನೆಯ ಮತ್ತು ಎಂಟನೆಯ ಹಾಳೆಗಳೆರಡೂ ಹೋಗುತ್ತವೆ, ನಡುವಿನ ಆರು ಉಳಿಯುತ್ತವೆ. ಓದುವವರಿಗೆ ಎರಡು ಬೇರೆ ಬೇರೆ ಕಡೆ ತೆರವು ಕಂಡರೂ ಕಳೆದದ್ದು ಒಂದೇ ತುಂಡು. ತೊಗಲಿನ ಕೂದಲ ಬದಿ ತುಸು ಕಂದು, ರೋಮದ ಚುಕ್ಕೆಗಳು ಕಾಣುತ್ತವೆ. ಮಾಂಸದ ಬದಿ ಬಿಳುಪು, ನುಣುಪು. ಗ್ರೀಕ್ ಪ್ರತಿಗಳಲ್ಲಿ ಪುಸ್ತಕ ತೆರೆದರೆ ಕೂದಲ ಬದಿಗೆ ಕೂದಲ ಬದಿ, ಮಾಂಸದ ಬದಿಗೆ ಮಾಂಸದ ಬದಿ ಎದುರಾಗುವಂತೆ ಜೋಡಿಸುವುದು ವಾಡಿಕೆ. ಇದನ್ನು 1885ರಲ್ಲಿ ಗ್ರೆಗರಿ ಎಂಬ ಹಸ್ತಪ್ರತಿ ವಿದ್ವಾಂಸರು ಎತ್ತಿ ತೋರಿಸಿದರು. ಎಲ್ಲಾದರೂ ಕಂದು ಪುಟದ ಎದುರು ಬಿಳಿ ಪುಟ ಬಂದರೆ ನಡುವೆ ಹಾಳೆ ಹೋಗಿದೆಯೋ, ಕ್ರಮ ತಪ್ಪಿದೆಯೋ ಎಂದು ಒಂದು ಅಕ್ಷರವನ್ನೂ ಓದದೆ ಅನುಮಾನಿಸಬಹುದು.

‘ಸಣ್ಣಕ್ಷರ’ ಬೇಡ. 33ರ ಹಾಳೆ ಸುಮಾರು 37 ಸೆಂ.ಮೀ. ಎತ್ತರ, 25 ಸೆಂ.ಮೀ. ಅಗಲ, ಪುಟಕ್ಕೆ ಒಂದೇ ಅಂಕಣದಲ್ಲಿ 48ರಿಂದ 52 ಸಾಲು. ಇಲ್ಲಿ ಅಕ್ಷರ ಸಣ್ಣದೇ. ಆದರೆ ದಪ್ಪ ಅಕ್ಷರದ ಮಿನಸ್ಕ್ಯೂಲ್ ಪ್ರತಿಗಳೂ ಉಂಟು. ಪದ ಹೇಳುವುದು ಗಾತ್ರವನ್ನಲ್ಲ, ಅಚ್ಚುಕಟ್ಟನ್ನು. ಹಳೆಯ ಗ್ರೀಕ್ ದೊಡ್ಡಕ್ಷರಗಳು ಬಹುಪಾಲು ಎರಡು ಗೆರೆಗಳ ನಡುವೆ ಒಂದೇ ಎತ್ತರಕ್ಕೆ, ಬಿಡಿಬಿಡಿಯಾಗಿ ನಿಲ್ಲುತ್ತವೆ. ಮಿನಸ್ಕ್ಯೂಲಿನಲ್ಲಿ ಕೆಲವು ಮೇಲಕ್ಕೆ ಚಾಚುತ್ತವೆ, ಕೆಲವು ಕೆಳಕ್ಕಿಳಿಯುತ್ತವೆ, ಪಕ್ಕದ ಅಕ್ಷರಕ್ಕೆ ಕೈ ಕೊಟ್ಟು ಕೂಡಿಕೊಳ್ಳುತ್ತವೆ. ಶಾಲೆಯ ಕಾಪಿ ಪುಸ್ತಕ ಕಂಡ ಪ್ರತಿಯೊಬ್ಬರಿಗೂ ಇದಕ್ಕೆ ಪದ ಸಿದ್ಧವಾಗಿದೆ: ಎರಡುಗೆರೆ, ನಾಲ್ಕುಗೆರೆ. ‘ಎರಡುಗೆರೆ ಲಿಪಿ’, ‘ನಾಲ್ಕುಗೆರೆ ಲಿಪಿ’ ಎಂದರೆ ಲಿಪಿಶಾಸ್ತ್ರ ಓದದವರಿಗೂ ಚಿತ್ರ ಕಣ್ಣಿಗೆ ಕಟ್ಟುತ್ತದೆ. ‘ಮೋಡಿ’ ಎಂಬ ಸಲಹೆ ಬರಬಹುದು, ಅದು ಒಗ್ಗದು. ಮೋಡಿ ಲೆಕ್ಕಪತ್ರದ ಓಟದ ಬರಹ. ಗ್ರೀಕರಲ್ಲೂ ಅಂಥ ಓಟದ ಬರಹದಿಂದಲೇ ಇದು ಹುಟ್ಟಿದ್ದರೂ, 9ನೆಯ ಶತಮಾನಕ್ಕೆ ಗ್ರಂಥ ಬರೆಯುವ ತಿದ್ದಿದ ಲಿಪಿಯಾಗಿತ್ತು. ಕಾಲ ನಮೂದಿಸಿ ಇದರಲ್ಲಿ ಬರೆದ ಗ್ರೀಕ್ ಪ್ರತಿಗಳಲ್ಲಿ ಅತಿ ಹಳೆಯದು 835ರ ಉಸ್ಪೆನ್ಸ್ಕಿ ಸುವಾರ್ತೆಗಳು. ಅದೇ ಪಟ್ಟಿಯಲ್ಲಿ ಅದರ ಸಂಖ್ಯೆ 461.

ಗೆರೆಯ ಮಾತು ಬಂದದ್ದರಿಂದ ಇನ್ನೊಂದು. ತೊಗಲ ಹಾಳೆಗೆ ಗೆರೆ ಹಾಕುತ್ತಿದ್ದುದು ಸಾಮಾನ್ಯವಾಗಿ ಶಾಯಿಯಿಂದಲ್ಲ, ಮೊಂಡು ಮೊನೆಯಿಂದ ಗೀಚಿ. ಒಂದು ಬದಿ ತೋಡು, ಇನ್ನೊಂದು ಬದಿ ಉಬ್ಬು. 10ನೆಯ ಶತಮಾನದಿಂದ ಈಚೆಗೆ ಗ್ರೀಕ್ ಅಕ್ಷರಗಳು ಗೆರೆಯ ಮೇಲೆ ಕೂರುವುದನ್ನು ಬಿಟ್ಟು ಗೆರೆಯಿಂದ ಜೋತುಬೀಳತೊಡಗುತ್ತವೆ. ಆದ್ದರಿಂದ ಅನುವಾದದಲ್ಲಿ ‘ಗೆರೆಯ ಮೇಲೆ ಬರೆದ’ ಎಂದು ರೂಢಿಯ ಮೇಲೆ ಬರೆಯದೆ, ‘ಗೆರೆಯಿಂದ ಇಳಿಬಿಟ್ಟ’ ಎಂಬುದನ್ನು ಇದ್ದಲ್ಲಿ ಹಾಗೇ ಹೇಳಬೇಕು. ಕಾಲ ನಿರ್ಣಯಕ್ಕೆ ಅದೊಂದು ಗುರುತು.

ಈಗ ‘ಲೋಪ’. ಕರಡಿನಲ್ಲಿ ಎರಡು ಬೇರೆ ಸಂಗತಿಗಳಿಗೆ ಒಂದೇ ಪದ ಬಿದ್ದಿದೆ, ಓದುಗರು ಇಲ್ಲೇ ದಾರಿ ತಪ್ಪುವುದು. ಮಾರ್ಕ 9:31–11:11, ಮಾರ್ಕ 13:11–14:60, ಲೂಕ 21:38–23:26 ಈ ಮೂರೂ ಕಡೆ ಪ್ರತಿಯಲ್ಲಿ ಹಾಳೆ ನಷ್ಟವಾಗಿದೆ. ಲಿಪಿಕಾರ ಬರೆದಿದ್ದ, ಈಗ ಇಲ್ಲ. ಲಕೂನಾ ಎಂದರೆ ಇದೇ, ಕನ್ನಡ ಗ್ರಂಥಸಂಪಾದಕರ ‘ಗ್ರಂಥಪಾತ’ ಇದಕ್ಕೆ ಒಪ್ಪುತ್ತದೆ. ಯೋಹಾನ 7:53–8:11, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಪ್ರಸಂಗ, ಹಾಗಲ್ಲ. ಹಾಳೆ ಇದೆ, ಸಾಲು ಇದೆ, 7:52 ಆದ ಮೇಲೆ ಬರುವುದು 8:12. ಈ ಲಿಪಿಕಾರನ ಕೈಯಲ್ಲಿ ಆ ಭಾಗ ಪ್ರತಿಗೆ ಬರಲೇ ಇಲ್ಲ. ಇದನ್ನು ‘ಈ ಪಾಠದಲ್ಲಿ ಇಲ್ಲ’ ಎಂದು ಬಿಡಿಸಿಯೇ ಬರೆಯಬೇಕು. ಮೊದಲನೆಯದು ಪ್ರತಿಯ ದೇಹಕ್ಕಾದ ಗಾಯ. ಎರಡನೆಯದು ಪಾಠದ ಬಗ್ಗೆ ಈ ಪ್ರತಿ ಹೇಳುವ ಸಾಕ್ಷ್ಯ. ಗ್ರಂಥಪಾತವಾದ ಕಡೆ 33 ಯಾವ ಪಾಠಕ್ಕೂ ಸಾಕ್ಷಿಯಲ್ಲ. ಅಲ್ಲಿ ಅದರ ಹೆಸರನ್ನು ಪಾಠಾಂತರಗಳ ಪಟ್ಟಿಯಲ್ಲಿ ಎತ್ತಕೂಡದು. ಎತ್ತದಿರುವುದನ್ನು ‘ಅಲ್ಲಿ ಭಿನ್ನವಿಲ್ಲ’ ಎಂದು ಓದುವುದೂ ತಪ್ಪು.

ಮೂರನೆಯದೂ ಒಂದಿದೆ, ಅದು ಕಣ್ತಪ್ಪು. ಎರಡು ಕಡೆ ಒಂದೇ ಪದ ಬಂದಾಗ ಲಿಪಿಕಾರನ ಕಣ್ಣು ಮೊದಲಿನದರಿಂದ ಎರಡನೆಯದಕ್ಕೆ ಹಾರಿ ನಡುವಿನದು ಬಿಟ್ಟುಹೋಗುವುದು. ಗ್ರೀಕಿನ ಹೆಸರುವಾಸಿ ಉದಾಹರಣೆ 4ನೆಯ ಶತಮಾನದ ವ್ಯಾಟಿಕನ್ ಪ್ರತಿಯ ಯೋಹಾನ 17:15. ಅವರನ್ನು ಲೋಕದಿಂದ ತೆಗೆದುಕೊಂಡು ಹೋಗು ಎಂದು ಕೇಳಿಕೊಳ್ಳುವುದಿಲ್ಲ, ಕೆಡುಕನಿಂದ ಕಾಪಾಡು ಎಂದು ಕೇಳಿಕೊಳ್ಳುತ್ತೇನೆ ಎಂಬುದು ಆಶಯ. ಎರಡೂ ಕಡೆ ‘ಎಕ್ ಟೂ’ ಎಂಬ ಒಂದೇ ಪದಜೋಡಿ ಬರುವುದರಿಂದ ನಡುವಿನದು ಹಾರಿಹೋಗಿ, ಕೆಡುಕನಿಂದ ಅವರನ್ನು ಬಿಡಿಸು ಎಂದು ಕೇಳುವುದಿಲ್ಲ ಎಂದಾಗಿಬಿಟ್ಟಿದೆ. ಲಂಡನ್ನಿನಲ್ಲಿರುವ 14ನೆಯ ಶತಮಾನದ 109ನೆಯ ಪ್ರತಿಯಲ್ಲಿ ಬೇರೊಂದು ಬಗೆ. ಮೂಲದಲ್ಲಿ ಲೂಕನ ವಂಶಾವಳಿ 28 ಸಾಲುಗಳ ಎರಡು ಅಂಕಣಗಳಲ್ಲಿತ್ತು ಎಂದು ತೋರುತ್ತದೆ. ಅಂಕಣ ಮುಗಿಸಿ ಅಂಕಣಕ್ಕೆ ಹೋಗದೆ ಲಿಪಿಕಾರ ಸಾಲಿನ ಅಡ್ಡಕ್ಕೆ ನಕಲು ಮಾಡಿದ. ಮಕ್ಕಳೆಲ್ಲ ಬೇರೆಯವರ ಮಕ್ಕಳಾದರು, ಪಟ್ಟಿಯ ತುದಿಯಲ್ಲಿ ಬರಬೇಕಾದ ದೇವರು ಅರಾಮನ ಮಗನಾಗಿ ನಡುವೆ ಬಂದ. ಇಂಥವನ್ನು ‘ಲೋಪ’ ಎನ್ನಲಾಗದು, ‘ಸ್ಖಾಲಿತ್ಯ’ ಎಂಬ ಸಂಪಾದಕರ ಪದ ಇದೆ.

ತಿದ್ದಿದ ವಾಕ್ಯ: “9ನೆಯ ಶತಮಾನದ್ದು, ತೊಗಲ ಹಾಳೆ 143, ನಾಲ್ಕುಗೆರೆ ಲಿಪಿ. ಹಳೆಯ ಒಡಂಬಡಿಕೆಯ ಪ್ರವಾದಿಗಳ ಕೆಲವು ಭಾಗ, ಪ್ರಕಟನೆಯೊಂದನ್ನು ಬಿಟ್ಟು ಹೊಸ ಒಡಂಬಡಿಕೆಯ ಪುಸ್ತಕಗಳೆಲ್ಲ ಇವೆ. ಮಾರ್ಕದಲ್ಲಿ ಎರಡು, ಲೂಕದಲ್ಲಿ ಒಂದು ಕಡೆ ಗ್ರಂಥಪಾತ. ಯೋಹಾನ 7:53–8:11 ಈ ಪಾಠದಲ್ಲಿ ಇಲ್ಲ.”

ಮತ್ತೊಂದು ಉತ್ತರ:

‘ತೊಗಲ ಹಾಳೆ’, ‘ಗ್ರಂಥಪಾತ’ ಎರಡನ್ನೂ ಒಪ್ಪುತ್ತೇನೆ. ‘ಪಡಿಯಚ್ಚು’ ಮಾತ್ರ ಇನ್ನಷ್ಟು ಬಿಗಿಯಾಗಬೇಕು, ಏಕೆಂದರೆ ಅದರ ಪಕ್ಕದಲ್ಲೇ ಇನ್ನೊಂದು ಸಂಗತಿ ಇದೆ.

ಗ್ರೀಕ್ ಪ್ರತಿಗಳಲ್ಲಿ ದೇವರು, ಪ್ರಭು, ಯೇಸು, ಕ್ರಿಸ್ತ, ಆತ್ಮ ಮುಂತಾದ 15 ಪದಗಳನ್ನು ಮೊಟಕಿಸಿ ಮೇಲೊಂದು ಅಡ್ಡಗೆರೆ ಎಳೆಯುತ್ತಾರೆ. ನಾವು ‘ಡಾ’ ಎಂದು ಮೊದಲನ್ನಷ್ಟೇ ಉಳಿಸುವ ಹಾಗಲ್ಲ, ಹೆಚ್ಚಾಗಿ ಮೊದಲ ಮತ್ತು ಕೊನೆಯ ಅಕ್ಷರ ಉಳಿಸುವುದು. ಜಾಗ ಉಳಿಸಲೆಂದಲ್ಲ, ಗೌರವಕ್ಕೆ. ಹೀಗಾಗಿ ‘ಸಂಕ್ಷೇಪ’ ಎನ್ನುವುದಕ್ಕಿಂತ ‘ಮೇಲ್ಗೆರೆ ನಾಮ’ ಎನ್ನುವುದು ಒಳ್ಳೆಯದು. ಎರಡುಗೆರೆ ಲಿಪಿಯಲ್ಲಿ ‘ಥೆಯೊಸ್’, ಎಂದರೆ ದೇವರು, ಮೊಟಕಾದಾಗ ಥೀಟಾ ಮತ್ತು ಸಿಗ್ಮಾ. ‘ಹೊಸ್’, ಎಂದರೆ ‘ಯಾರು’ ಎಂಬ ಸಂಬಂಧವಾಚಕ, ಒಮಿಕ್ರಾನ್ ಮತ್ತು ಸಿಗ್ಮಾ. ದುಂಡಗಿನ ಒಮಿಕ್ರಾನಿನೊಳಗೆ ಒಂದು ಅಡ್ಡಗೆರೆ, ಮೇಲೊಂದು ಗೆರೆ ಬಿದ್ದರೆ ‘ಯಾರು’ ಎಂಬುದು ‘ದೇವರು’ ಆಗುತ್ತದೆ. 1 ತಿಮೊಥೆಯ 3:16ರ ಪಾಠಾಂತರ ಇದೇ. 33 ಅಲ್ಲಿ ‘ಹೊಸ್’ ಪಾಠದ ಪರ.

5ನೆಯ ಶತಮಾನದ ಅಲೆಕ್ಸಾಂಡ್ರಿನಸ್ ಪ್ರತಿಯಲ್ಲಿ ಆ ಒಳಗಿನ ಗೆರೆ ಅಲ್ಲೇ ಬರೆದದ್ದೋ, ಹಾಳೆಯ ಹಿಂಬದಿಯಲ್ಲಿರುವ ಎಪ್ಸಿಲಾನ್ ಅಕ್ಷರದ ಗೆರೆ ತೊಗಲಿನ ಮೂಲಕ ಕಾಣುತ್ತಿರುವುದೋ ಎಂಬ ಚರ್ಚೆ 18ನೆಯ ಶತಮಾನದ ಬೈಬಲ್ ವಿದ್ವಾಂಸ ವೆಟ್‌ಸ್ಟೈನ್ ಕಾಲದಿಂದ ಇದೆ. ಮೇಲೆ ಹೇಳಿದ ತೊಗಲುಗೊಂಬೆಯ ಗುಣವೇ ಇಲ್ಲಿ ತೊಡಕಾದದ್ದು. ಆದ್ದರಿಂದ ಎದುರು ಪುಟದಿಂದ ಬಂದದ್ದಕ್ಕೆ ‘ಶಾಯಿ ಹತ್ತಿದೆ’, ಹಿಂಬದಿಯದು ಕಂಡರೆ ‘ಶಾಯಿ ತೋರುತ್ತದೆ’, ಹಾಳೆಯನ್ನೇ ತಿಂದು ಆಚೆಗೆ ಬಂದಿದ್ದರೆ ‘ಶಾಯಿ ಇಳಿದಿದೆ’ ಎಂದು ಮೂರನ್ನೂ ಬೇರೆ ಇಡಬೇಕು. ಮೂರನೆಯದಕ್ಕೆ ಕಾರಣ ಮಾಚಿಕಾಯಿಗೆ ಅನ್ನಭೇದಿ ಬೆರೆಸಿದ ಶಾಯಿಯ ಹುಳಿ. ಮೊದಲೆರಡೂ ತಿರುಗುಮುರುಗಾಗಿಯೇ ಕಾಣುವುದರಿಂದ ಮೊದಲ ನೋಟಕ್ಕೆ ಬೇರ್ಪಡಿಸುವುದು ಕಷ್ಟ. ಹಾಳೆಯ ಹಿಂದೆ ಮೆಲುವಾದ ಬೆಳಕು ಹಿಡಿದರೆ ತೋರುತ್ತಿದ್ದ ಶಾಯಿ ಗಾಢವಾಗುತ್ತದೆ, ಹಿಂಬದಿಯ ಅಕ್ಷರದ ಮೇಲೆ ಸರಿಯಾಗಿ ಕೂರುತ್ತದೆ. ಹತ್ತಿದ ಶಾಯಿ ಹಾಗೆ ಕೂರುವುದಿಲ್ಲ, ಅದರ ಜೋಡಿ ಇರುವುದು ಎದುರು ಪುಟದಲ್ಲಿ. 33ರದು ಹತ್ತಿದ ಶಾಯಿ.